ಅಳಿಸಿದ ‘ಅಂತೆ’

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನಂತೆ. ಅವನ ಮುತ್ತಿನ ಸರ ಕಳೆದುಹೋಯಿತಂತೆ. ನವಿಲು ನುಂಗಿತಂತೆ.

“ನೀನು ನೋಡಿದ್ಯಾ ಅಜ್ಜಿ?” ಎಂದು ಕೇಳಿದರೆ ಅಜ್ಜಿ ನಗುತ್ತಿದ್ದಳು. “ನಾನೆಲ್ಲವ್ವ ನೋಡ್ದೆ? ಅದ್ಕೇಯ ಅಂತೆ ಅನ್ನದು. ಕಂಡಿದ್ರೆ ಅಂತೆ ಯಾಕ್ ಅಂದೇನು?”

ಆ ಅಜ್ಜಿಯ ಮೊಮ್ಮಗಳು ನಾನು, ಶೃತಿ. ಕೊಳ್ಳೇಗಾಲದ ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತೇನೆ. ಜನರ ಮುರುಕು ಮಾತನ್ನು ಕಥೆಯ ಹಾಗೆ ಹೊಳಪಾಗಿಸುತ್ತೇನೆಂಬ ಹೆಮ್ಮೆ ನನಗಿತ್ತು.

ಆಷಾಢದಲ್ಲಿ ಮುಳ್ಳೂರಿನ ಸದಾಶಿವಪ್ಪನವರು ಬಂದರು. ಅವರ ಬಾವಿಯ ಮೋಟಾರು ಕಾಣೆಯಾಗಿತ್ತು. ಪೊಲೀಸರಿಗೆ ಕೊಡಲು ದೂರು ಬೇಕಿತ್ತು.

“ಬರ್ಕಳವ್ವ. ಸೋಲಿಗರ ಜಡಯ್ಯ ಅಂತ, ಕೌದಳ್ಳಿ ಕಡೆಯವ್ನು, ನಮ್ ತೋಟದಲ್ಲಿ ಕೂಲಿಗಿದ್ದ. ಅವ್ನೇ ತಕಂಡೋದ್ನಂತೆ.”

‘ಕದ್ದೊಯ್ದನಂತೆ’ ಎಂದು ಟೈಪು ಮಾಡಿದೆ. ಓದಿಕೊಂಡಾಗ ವಾಕ್ಯದ ಬಾಲ ಜೋತುಬಿದ್ದ ಹಾಗೆ ಕಂಡಿತು. ‘ಅಂತೆ’ ಅಳಿಸಿ ‘ಕದ್ದೊಯ್ದನು’ ಎಂದು ಮಾಡಿದೆ. ಅಷ್ಟಕ್ಕೇ ಸುಮ್ಮನಾಗದೆ ‘ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂದೂ ಸೇರಿಸಿದೆ. ಓದಿ ಹೇಳಿದಾಗ ಸದಾಶಿವಪ್ಪನವರು ತಲೆದೂಗಿದರು. “ಏನ್ ಚೆಂದಾಗ್ ಬರ್ದಿದ್ದೀಯವ್ವ!” ಸಹಿ ಹಾಕಿದರು. ಆ ಹೊಗಳಿಕೆಗೆ ನಾನು ಇಡೀ ದಿನ ಬೀಗಿದೆ.

ಎರಡು ತಿಂಗಳ ನಂತರ ಜಡಯ್ಯನ ಹೆಂಡತಿ ಕಾಳಿ ದೂರಿನ ಪ್ರತಿ ಹಿಡಿದು ಅದೇ ಅಂಗಡಿಗೆ ಬಂದಳು. ಜಾಮೀನಿಗೆ ನಿಲ್ಲುವವರು ಸಿಗದೆ ಗಂಡ ಜೈಲಿನಲ್ಲೇ ಇದ್ದ.

“ಇದ್ರಲ್ಲಿ ಏನ್ ಬರ್ದದೆ, ಓದ್ ಯೋಳು ಕೂಸು.”

ಓದಿದೆ.

“ಸಾವ್ಕಾರ್ರು ಕಣ್ಣಲ್ಲಿ ಕಂಡ್ರಂತಾ? ಅವತ್ತು ಅವ್ರು ನಂಜನಗೂಡಿಗೆ ಓಗಿದ್ರಲ್ಲ!”

“ಬರವಣಿಗೇಲಿ... ಹಾಗೆ ಬರುತ್ತೆ ಕಾಳಕ್ಕ.”

“ಯಾರ್ ಬರವಣ್ಗೆ?”

“ನಂದು.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅಂಗಾರೆ ಕೋರ್ಟಲ್ಲಿ ನೀನೇ ಯೋಳವ್ವ” ಎಂದಳು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಜಡಯ್ಯನಿಗೆ ಸರ್ಕಾರ ಕೊಟ್ಟ ವಕೀಲೆ ನನ್ನನ್ನು ಸಾಕ್ಷಿಯಾಗಿ ಕರೆದರು. ಮೊದಲ ವಾಯಿದೆಗೆ ಜ್ವರವೆಂದೆ. ಎರಡನೆಯದಕ್ಕೆ ಶಟರ್ ಎಳೆದು ಒಳಗೇ ಕುಳಿತೆ. ಹೊರಗೆ ಮೆಟ್ಟಿಲ ಮೇಲೆ ಕಾಳಿ ಸಂಜೆಯ ಬಸ್ಸಿನ ತನಕ ಕಾದಳು. ಅವಳ ಕೆಮ್ಮು ನನಗೆ ಕೇಳಿಸುತ್ತಿತ್ತು.

ವಕೀಲೆ ಅಂಗಡಿಗೇ ಬಂದರು. “ಕದ್ದಿಲ್ಲ ಅಂತ ಜಡಯ್ಯ ತೋರಿಸಬೇಕಾಗಿಲ್ಲಮ್ಮ. ಕದ್ದ ಅಂತ ಪೊಲೀಸರು ತೋರಿಸಬೇಕು. ಅವರ ಹತ್ತಿರ ಇರೋದು ನಿಮ್ಮ ಆ ಒಂದು ವಾಕ್ಯ ಅಷ್ಟೇ.”

ಮೂರನೆಯ ವಾಯಿದೆಗೆ ಹೋದೆ. ಕೋರ್ಟಿನ ಬಾಗಿಲಲ್ಲಿ ಸದಾಶಿವಪ್ಪನವರು ತಡೆದರು. “ನಿಂಗ್ಯಾಕವ್ವ ಈ ಉಸಾಬರಿ? ನಾಳೆ ಯಾರ್ ಬರ್ಸಾರು ನಿನ್ ತಾವು?”

“ನೀವು ಕಂಡ್ರಾ ಸಾರ್?”

“ಕಾಗ್ದದಲ್ಲೇ ಅದೆಯಲ್ಲ!” ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ವಾಕ್ಯವನ್ನು ನಂಬಿಬಿಟ್ಟಿದ್ದರು.

ಸಾಕ್ಷಿಕಟ್ಟೆಯಲ್ಲಿ ನಿಂತೆ. ಪೊಲೀಸರ ನಡುವೆ ಜಡಯ್ಯ ನನ್ನನ್ನೇ ನೋಡುತ್ತಿದ್ದ. ನಾನು ನನ್ನ ಕಾಲುಗಳನ್ನು ನೋಡಿದೆ.

“ಅಂತೆ ಅನ್ನುವುದು ಟೈಪು ಮಾಡುವಾಗ ಕೈತಪ್ಪಿ ಬಿಟ್ಟುಹೋಯಿತೇನಮ್ಮ?” ನ್ಯಾಯಾಧೀಶರು ಕೇಳಿದರು.

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

“ಇಲ್ಲ ಸಾರ್. ಅವರು ತೆಗೆದುಕೊಂಡು ಹೋದನಂತೆ ಅಂದಿದ್ದರು. ಆ ಅಂತೆಯನ್ನ ನಾನೇ ಅಳಿಸಿದೆ. ಕಣ್ಣಾರೆ ಕಂಡೆ ಅನ್ನೋದನ್ನೂ ನಾನೇ ಸೇರಿಸಿದೆ. ಓದೋಕೆ ಚೆನ್ನಾಗಿರಲಿ ಅಂತ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ನನ್ನ ಮಾತನ್ನು ನಿಧಾನವಾಗಿ ಹೇಳಿ ಬರೆಸತೊಡಗಿದರು. ಟೈಪು ಮಾಡುತ್ತಿದ್ದಾಕೆ ತಲೆಯೆತ್ತಿ, “ತೆಗೆದುಕೊಂಡು ಹೋದನು... ಅಷ್ಟೇನಾ ಸಾರ್?” ಎಂದಳು.

“ಹೋದನಂತೆ” ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವಳು ಒಂದಕ್ಷರ ಅಳಿಸಿ, ‘ನಂತೆ’ ಎಂದು ಟೈಪು ಮಾಡಿದಳು.