ಜೋಲ್ದೋಶ್‌ನ ತಿರುಪು

ಕುಲದೇವತೆ ಹೆತ್ತೆಯ ಹಬ್ಬಕ್ಕೆ ಮೊದಲು ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣಿನಲ್ಲಿ ತಿಕ್ಕುವುದು ನಮ್ಮ ಹಟ್ಟಿಯ ರೂಢಿ. ಅದು ಗೊತ್ತಿದ್ದೂ ನಾನು ಬ್ಯಾಡ್ಜಿನ ಡಬ್ಬಿಯನ್ನು ಎತ್ತಿಡದೆ ಔಷಧ ತರಲು ಮಂಜೂರು ಪೇಟೆಗೆ ಹೋದೆ. ಬಂದು ನೋಡಿದರೆ, ನನ್ನ ಗಂಡ ಭೋಜನ್ ವರ್ಷಗಟ್ಟಲೆ ಕೂಡಿಸಿದ್ದ ಸೋವಿಯತ್ ಸೇನೆಯ ಬ್ಯಾಡ್ಜುಗಳು ಅಂಗಳದ ಮೊರದಲ್ಲಿ ಒಣಗುತ್ತಿದ್ದವು.

"ಬಾ ಹೆಣ್ಣೇ, ಎಂಗೆ ಮಿನುಗುತ್ತೆ ನೋಡು," ಎಂದರು ಅತ್ತೆ ಚಿನ್ನಮ್ಮಾಳ್. "ಹಿಂಬದಿಗೆಲ್ಲಾ ಕಾಗದ ಅಂಟಿತ್ತು. ಉಗುರಲ್ಲಿ ಕೆರೆದೆ."

"ತಿರುಪುಗಳು ಮಾಮಿ?"

"ಓಲೆ ತೊಳೆವಾಗ ತಿರುಪು ಬಿಚ್ಚದೆ ತೊಳೆವರಾ? ಎಲ್ಲಾ ಒಂದು ಲೋಟದಲ್ಲಿ ಹಾಕಿ ತೊಳೆದು, ಮತ್ತೆ ಹಾಕಿದೆ. ಒಂದೂ ಕಳೆದಿಲ್ಲ!"

ನಾನು ಮೊರದಲ್ಲಿದ್ದುದನ್ನು ಒಂದೊಂದಾಗಿ ತಿರುವಿ ನೋಡಿದೆ.

ನಮ್ಮ ಇವರು, ಭೋಜನ್, ವಾಯುಪಡೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದವರು. ೧೯೮೬ರಲ್ಲಿ ಸೋವಿಯತ್ ನಾಡಿಗೆ ತರಬೇತಿಗೆ ಹೋಗಿದ್ದಾಗ, ಜೋಲ್ದೋಶ್ ಎಂಬ ಶಿಕ್ಷಕ ತನ್ನ ಅಂಗಿಯಿಂದಲೇ ಬಿಚ್ಚಿ ಗೌರವ ಪಡೆದ ದಳದವರು ಧರಿಸುವ ಗಾರ್ಡ್ಸ್ ಬ್ಯಾಡ್ಜ್ ಒಂದನ್ನು ಕೊಟ್ಟಿದ್ದ. ಬಿಳಿ ವೃತ್ತದಲ್ಲಿ ಕೆಂಪು ನಕ್ಷತ್ರ, ಮೇಲೆ ಕೆಂಪು ಬಾವುಟ. ಸಂಗ್ರಹ ಶುರುವಾದದ್ದು ಅದರಿಂದ. ಅಂಥದೇ ಇನ್ನೂ ಮೂರನ್ನು ಇವರು ಆಮೇಲೆ ಕೊಂಡರು. ಯಾವುದು ಯಾರದು ಎಂದು ಹಿಂದೆ ಚೀಟಿ ಅಂಟಿಸಿದ್ದರು. ಕಳೆದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಇವರಿಗೆ ಮಾತಿಲ್ಲ.

ಮಾತು ಹೋದ ಮೇಲೆ ಬ್ಯಾಡ್ಜುಗಳನ್ನು ಗುರುತಿಸಲು ನಾನೇ ಕಲಿತೆ. ಪ್ಯಾರಾಶೂಟ್ ಬ್ಯಾಡ್ಜಿನ ಕೆಳಗೆ ತೂಗುವ ಅಂಕಿ ಎಷ್ಟು ಸಲ ಹಾರಿದ್ದೆಂದು ಹೇಳುತ್ತದೆ. ಹಗುರಾದದ್ದು ಅಲ್ಯೂಮಿನಿಯಂ, ಕೊನೆಯ ವರ್ಷಗಳದು. ಫೋನಿನಲ್ಲಿ ಸಂಗ್ರಾಹಕರ ಗುಂಪೊಂದಕ್ಕೆ ಜೋಲ್ದೋಶ್‌ನ ಹೆಸರು ಬರೆದು ಫೋಟೊ ಹಾಕಿದ್ದೆ. ಅದನ್ನು ನೋಡಿ ಹೋದ ವಾರ ಜೋಲ್ದೋಶ್‌ನ ಮಗಳು ಐಗುಲ್ ಬರೆದಿದ್ದಳು. ಅಪ್ಪ ತೀರಿಕೊಂಡರಂತೆ. ಅವರದೆನ್ನುವ ವಸ್ತು ಮನೆಯಲ್ಲಿ ಏನೂ ಉಳಿದಿಲ್ಲವಂತೆ. ಆ ಬ್ಯಾಡ್ಜನ್ನು ಕೊಡುವಿರಾ ಎಂದು ಕೇಳಿದ್ದಳು. ತಿರುಪಿನ ಮೇಲೆ ಅಪ್ಪ ಸೂಜಿಯಿಂದ ಎರಡು ಗೀಟು ಎಳೆದಿದ್ದರು ಎಂದೂ ಬರೆದಿದ್ದಳು. ಓದಿ ಹೇಳಿದಾಗ ಇವರು ತಲೆಯಾಡಿಸಿದ್ದರು. ಹಬ್ಬ ಮುಗಿಯಲಿ ಎಂದು ನಾನೇ ತಡಮಾಡಿದೆ.

ಎರಡು ಗೀಟಿನ ತಿರುಪು ಸಿಕ್ಕಿತು. ಪ್ಯಾರಾಶೂಟ್ ಬ್ಯಾಡ್ಜಿನ ಹಿಂದೆ ಇತ್ತು. ನಾಲ್ಕೂ ಗಾರ್ಡ್ಸ್ ಬ್ಯಾಡ್ಜುಗಳಿಗೆ ಹಾಕಿ ನೋಡಿದೆ. ನಾಲ್ಕಕ್ಕೂ ಸಲೀಸಾಗಿ ಕೂತಿತು. ತೂಕದಲ್ಲೂ ನಾಲ್ಕಕ್ಕೆ ವ್ಯತ್ಯಾಸವಿರಲಿಲ್ಲ.

ನಾಲ್ಕನ್ನೂ ತಟ್ಟೆಯಲ್ಲಿಟ್ಟು ಇವರ ಮುಂದೆ ಹಿಡಿದೆ. "ಜೋಲ್ದೋಶ್ ಕೊಟ್ಟದ್ದು ಯಾವುದು?"

ಎಡಗೈ ತಡವಿಲ್ಲದೆ ಎರಡನೆಯದನ್ನು ಮುಟ್ಟಿತು. ಅಲ್ಲಿಗೇ ಬಿಡಬಹುದಿತ್ತು. ನನ್ನ ಸ್ವಭಾವ ಬಿಡಲಿಲ್ಲ. ತಟ್ಟೆ ತಿರುಗಿಸಿ, ಸ್ಥಳ ಬದಲಿಸಿ ಮತ್ತೆ ಕೇಳಿದೆ. ಇವರು ಮತ್ತೆ ಎರಡನೆಯದನ್ನೇ ಮುಟ್ಟಿದರು. ಆದರೆ ಈಗ ಅಲ್ಲಿದ್ದದ್ದು ಬೇರೆ. ನನ್ನ ಮುಖ ನೋಡಿ ಕೈ ಹಿಂದೆಗೆದುಕೊಂಡರು. ಮೂರನೆಯ ಸಲ ಕೇಳಿದಾಗ ಕಣ್ಣು ಮುಚ್ಚಿಕೊಂಡರು.

"ನಾಕೂ ಒಂದೇ ತರ. ಒಂದ ಕಳಿಸು. ಆ ಹೆಣ್ಣಿಗೆ ಎಂಗೆ ತಿಳಿವುದು?" ಎಂದರು ಅತ್ತೆ.

"ನನಗೆ ತಿಳಿದಿರುತ್ತಲ್ಲ ಮಾಮಿ."

ಅವರು ಹುಣಸೆಯ ಕರೆ ಹತ್ತಿದ ಬೆರಳುಗಳನ್ನು ನೋಡಿಕೊಂಡರು. "ನಾ ಹಾಳು ಮಾಡಿದೆನಾ?" ಎಂದು ಮೆಲ್ಲಗೆ ಕೇಳಿದರು. ನಾನು ಅವರ ಬೆರಳುಗಳನ್ನು ಸೆರಗಿನಲ್ಲಿ ಒರೆಸಿದೆ.

ಸುಳ್ಳಾಗದ ಒಂದೇ ಒಂದು ವಸ್ತು ನನ್ನ ಬಳಿ ಇತ್ತು. ತಿರುಪನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆದು ಐಗುಲ್‌ಗೆ ಕಳಿಸಿದೆ. ಉಳಿದದ್ದನ್ನು ಹೇಗೆ ಬರೆಯಲಿ ಎಂದು ಮಾತು ಹುಡುಕುತ್ತಿರುವಾಗಲೇ ಉತ್ತರ ಬಂತು.

"ಅಪ್ಪನದೇ! ಅಮ್ಮ ಅಳುತ್ತಿದ್ದಾಳೆ. ದಯವಿಟ್ಟು ಮುಂಭಾಗವನ್ನೂ ತೋರಿಸಿ."

ತಟ್ಟೆಯಲ್ಲಿ ನಾಲ್ಕು ನಕ್ಷತ್ರಗಳು ಒಂದೇ ಸಮನೆ ಮಿನುಗುತ್ತಿದ್ದವು. ಇವರು ಕಣ್ಣು ತೆರೆದು ನನ್ನ ಕೈಯ ಫೋನನ್ನೇ ನೋಡುತ್ತಿದ್ದರು.