ಎರಡು ಕೆಂಪು ಗೆರೆ

ಮುಂದಿನ ಲಾರಿಯ ಹಿಂಬದಿಗೆ ಎರಡು ಕೆಂಪು ಪಟ್ಟಿ ಬಳಿದಿದ್ದಾರೆ, ಒಂದರ ಕೆಳಗೊಂದು, ಮೇಲಿನದು ನೇರ, ಕೆಳಗಿನದು ಬಲಗಡೆ ಸ್ವಲ್ಪ ಇಳಿದಿದೆ, ಸ್ಕೇಲ್ ಇಟ್ಟು ಎಳೆದಿದ್ದರೆ ಹೀಗಾಗುತ್ತಿರಲಿಲ್ಲ, ನಾನಾಗಿದ್ದರೆ ಸ್ಕೇಲ್ ಇಡುತ್ತಿದ್ದೆ — ಏನು ಯೋಚನೆ ಇದು, ಹಂಸಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಾಳೆ, ನಾನು ಟ್ಯಾಕ್ಸಿಯಲ್ಲಿ ಕೂತು ಲಾರಿಯ ಗೆರೆ ಅಳೆಯುತ್ತಿದ್ದೇನೆ. ಬಿದ್ದಿದ್ದಾಳೆ ಅಲ್ಲ, ಬಿದ್ದಿದ್ದಳು, ಈಗ ಮಲಗಿದ್ದಾಳೆ, ಗ್ಲೋರಿಯಾ ಫೋನಿನಲ್ಲಿ ಹಾಗೇ ಹೇಳಿದ್ದು, ಎಂಟು ವರ್ಷದಿಂದ ಮನೆಗೆಲಸಕ್ಕೆ ಬರುವವಳು, ಸುಳ್ಳು ಹೇಳುವವಳಲ್ಲ, ಈ ದೇಶದ ರೂಢಿಯಂತೆ ಅಪ್ಪ ಅಮ್ಮನನ್ನು ಮಗಳ ಹೆಸರು ಸೇರಿಸಿಯೇ ಕರೆಯುತ್ತಾಳೆ, ಬಾಬಾ ಜಾಹ್ನವಿ, ಮಾಮಾ ಜಾಹ್ನವಿಗೆ ಫಿಟ್ಸ್ ಬಂತು, ನೀವು ಬರೆದು ಅಂಟಿಸಿದ ಹಾಗೇ ಮಾಡಿದೆ, ಪಕ್ಕಕ್ಕೆ ತಿರುಗಿಸಿದೆ, ಬಾಯಿಗೆ ಏನೂ ಹಾಕಲಿಲ್ಲ, ಗಡಿಯಾರ ನೋಡಿದೆ, ನಾಲ್ಕು ನಿಮಿಷ, ಈಗ ಚೆನ್ನಾಗಿ ಉಸಿರಾಡ್ತಿದಾರೆ, ಪೋಲೆ, ಬಾಬಾ, ಪೋಲೆ, ಪಾಪ ಹೀಗಾಯಿತಲ್ಲ ಎಂದು. ನಾಲ್ಕು ನಿಮಿಷ. ಐದು ದಾಟಿದರೆ ಆಂಬುಲೆನ್ಸ್ ಎಂದು ಬರೆದವನು ನಾನೇ, ನಾಲ್ಕಕ್ಕೆ ನಿಂತಿತು, ನನ್ನ ಕಾಗದ ಕೆಲಸ ಮಾಡಿತು, ಆದರೆ ಬಂದದ್ದಾದರೂ ಯಾಕೆ, ಹಿಂದಿನ ಸಲ ಬಂದು ಮೂರು ವರ್ಷ ಎರಡು ತಿಂಗಳಾಗಿತ್ತು, ಕ್ಯಾಲೆಂಡರಿನಲ್ಲಿ ದಿನ ಹೊಡೆದುಕೊಂಡು ಬಂದಿದ್ದೆ, ಇವತ್ತಿನ ಚೌಕ ಇನ್ನೂ ಹೊಡೆದಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ, ಸವಾ, ಬಾಸ್? ಸವಾ, ಎಲ್ಲ ಸರಿ ಎನ್ನುತ್ತೇನೆ, ನನ್ನ ಮೊಣಕಾಲು ಅವನ ಸೀಟಿಗೆ ಬಡಿಯುತ್ತಿದೆ, ಅದಕ್ಕೇ ಕೇಳಿದ, ಕೈಯಿಂದ ಮೊಣಕಾಲು ಒತ್ತಿ ಹಿಡಿಯುತ್ತೇನೆ, ಅವಳ ಕಾಲೂ ಹೀಗೇ ಬಡಿದಿರಬೇಕು, ಕಾಲುಂಗುರ ಟೈಲ್ಸಿಗೆ ಟಕ ಟಕ ಟಕ, ಮದುವೆಯಾದ ಎರಡನೇ ವಾರದಲ್ಲಿ ಮೊದಲ ಸಲ ಕೇಳಿದ ಸದ್ದು, ಆಮೇಲೆ ಯಾವ ಮನೆಯಲ್ಲಿ ಯಾರು ಚಮಚ ತಟ್ಟಿದರೂ ನಾನು ಎದ್ದು ನಿಲ್ಲುತ್ತಿದ್ದೆ.

ಆಸ್ಪತ್ರೆಗೆ ಆಗಲೇ ಫೋನ್ ಮಾಡಿಯಾಯಿತು, ನರ್ಸ್ ಒಂದೊಂದಾಗಿ ಕೇಳಿದಳು, ಮಾತ್ರೆ ಯಾವುದಾದರೂ ತಪ್ಪಿತ್ತಾ? ಇಲ್ಲ, ಪ್ರತಿ ಭಾನುವಾರ ನಾನೇ ಡಬ್ಬಿ ತುಂಬಿಸುತ್ತೇನೆ, ತಪ್ಪುವ ಪ್ರಶ್ನೆಯೇ ಇಲ್ಲ — ಎಷ್ಟು ಜೋರಾಗಿ ಹೇಳಿದೆ, ಫ್ಯಾಕ್ಟರಿಯ ಪ್ಯಾಕಿಂಗ್ ಹಾಲಿನಲ್ಲಿ ಆಡಿಟ್ಟಿಗೆ ಬಂದ ಇನ್‌ಸ್ಪೆಕ್ಟರುಗಳು ತಿರುಗಿ ನೋಡುವಷ್ಟು. ನಿದ್ದೆ? ಸ್ವಲ್ಪ ಕಡಿಮೆ, ಇವತ್ತು ನಾಲ್ಕಕ್ಕೇ ಎದ್ದಳು. ಊಟ? ನಿನ್ನೆ ಉಪವಾಸ, ಆದರೆ ಹಣ್ಣು ಹಾಲು ತಗೊಂಡಿದ್ದಾಳೆ. ಮನಸ್ಸಿಗೆ ಏನಾದರೂ ಒತ್ತಡ? ಇರಬಹುದು ಎಂದೆ. ಡಾಕ್ಟರಿಗೆ ಹೇಳಿ ಆಮೇಲೆ ಮತ್ತೆ ಫೋನ್ ಮಾಡುತ್ತೇನೆ, ಮಾತ್ರೆ ವಿಷಯ ಇನ್ನೊಂದು ಸಲ ನೋಡಿಡಿ ಎಂದಳು, ನೋಡುವುದೇನು, ನೋಡುವುದೇ ನನ್ನ ಉದ್ಯೋಗ. ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಹಾಕಿದವನು ನಾನು, ಮಾತ್ರೆ ತಪ್ಪುವುದು, ನಿದ್ದೆಗೆಡುವುದು, ಹಸಿವು, ಜ್ವರ, ಮಿಣುಕುವ ದೀಪ, ಟೆನ್ಷನ್, ಒಂದೊಂದಕ್ಕೂ ಎದುರಿಗೆ ಏನು ಮಾಡಬೇಕೆಂದು ಬರೆದಿದ್ದೆ, ಟೆನ್ಷನ್ ಎದುರಿಗೆ ಮಾತ್ರ ಏನು ಬರೆಯುವುದೋ ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೆ. ಆ ಖಾಲಿ ಜಾಗ ನಾನೇ ಇರಬೇಕು. ಹದಿನೈದು ದಿನದಿಂದ ಮನೆಯಲ್ಲಿ ಆಡಿಟ್ಟಿನದೇ ಮಾತು, ಆಡಿಟ್ ಕೆಟ್ಟರೆ ನನ್ನ ವರ್ಕ್ ಪರ್ಮಿಟ್ ಕಂಪನಿ ನವೀಕರಿಸುವುದಿಲ್ಲ, ಜಾಹ್ನವಿ ಹತ್ತನೇ ಕ್ಲಾಸು, ಈಗ ಎಲ್ಲಿಗೆ ಹೋಗುವುದು ಎಂದು ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ಅದನ್ನೇ ಹೇಳಿದೆ, ಕೊನೆಗೆ ಹಂಸಾ, ಈ ಏಕಾದಶಿ ನಿಮಗೋಸ್ಕರ ಸರಿಯಾಗಿ ಮಾಡ್ತೀನಿ ಬಿಡ್ರೀ, ನಿಮ್ಮ ಆಡಿಟ್ ದಿನ ದ್ವಾದಶಿ ಬಂದಿದೆ, ಪಾರಣೆ ಮಾಡ್ಕೊಂಡು ಹೋಗಿ, ಎಲ್ಲ ಸರಿಹೋಗತ್ತೆ. ನಾನು ಬೇಡ ಅನ್ನಲಿಲ್ಲ. ಹಸಿವು ಪಟ್ಟಿಯಲ್ಲಿ ಮೂರನೆಯದು, ಅದಕ್ಕೆ ಬಾಳೆಹಣ್ಣು ಖರ್ಜೂರ ಹಾಲು ತಂದಿಟ್ಟು ಮೂರು ಗಂಟೆಗೊಮ್ಮೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟೆ, ಅಷ್ಟು ಮಾಡಿದ ಮೇಲೆ ಹಸಿವಿನದು ಮುಗಿಯಿತು ಅಂದುಕೊಂಡೆ. ಅವಳು ನಕ್ಕಳು, ನಿಮ್ಮ ಫ್ಯಾಕ್ಟರಿ ಬೆಲ್ಟಿನ ಮೇಲೆ ಬರೋ ಡಬ್ಬಿ ಅಲ್ಲ ರೀ ನಾನು. ಜಾಹ್ನವಿ ತಲೆಯೆತ್ತದೆ, ಅಪ್ಪಾ, ಯು ಆರ್ ಲೈಕ್ ಸಿಸಿಟಿವಿ. ಅದೇ ವಾರ ಹಂಸಾ ಕೇಳಿದ್ದು, ದಿನಾ ಬೆಳಿಗ್ಗೆ ಮಾತ್ರೆ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡ್ತೀರಲ್ಲ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ, ನೀವು ನೋಡ್ತಾ ಇದ್ರೇನೇ ನನಗೆ ಎದೆ ಡವಡವ ಅನ್ನತ್ತೆ. ನಾನು ನೋಡುವುದೂ ಅವಳಿಗೆ ಟೆನ್ಷನ್, ಟೆನ್ಷನ್ನೂ ಪಟ್ಟಿಯಲ್ಲಿದೆ, ಹಾಗಾಗಿ ಸೋಮವಾರದಿಂದ ನೋಡುವುದನ್ನು ಬಿಟ್ಟೆ, ಆ ಖಾಲಿ ಜಾಗದಲ್ಲಿ ಕೊನೆಗೂ ಬರೆದೆ, ನೋಡಬಾರದು.

ಲಾರಿ ಒಂದು ಮಾರು ಸರಿದು ಮತ್ತೆ ನಿಂತಿತು, ಕೆಂಪು ಪಟ್ಟಿ ಹತ್ತಿರ ಬಂತು, ಜನ ತುಂಬಿದ ಮಟಾಟು ವ್ಯಾನೊಂದು ಪಕ್ಕದ ಮಣ್ಣಿನ ಮೇಲೆ ಹತ್ತಿ ನಮ್ಮನ್ನು ದಾಟಿತು, ಡ್ರೈವರ್ ಬೈದ, ನಾನು ಆ ಮಟಾಟುವಿನಲ್ಲಿ ಇರಬಾರದಿತ್ತೇ ಅಂದುಕೊಂಡೆ. ಸಂಜೆ ಕಾಲೇಜಿನಲ್ಲೂ ಹೀಗೇ ಹಿಂದೆ ಉಳಿಯುತ್ತಿದ್ದೆ, ಮೈಸೂರಿನಲ್ಲಿ ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ಆರು ಗಂಟೆಗೆ ಕ್ಲಾಸು, ಮೇಷ್ಟ್ರು ಹೇಳುವುದರಲ್ಲಿ ಅರ್ಧ ನಿದ್ದೆಗೆ ಹೋಗುತ್ತಿತ್ತು, ನೋಟ್ಸಿನಲ್ಲಿ ಬಿಟ್ಟುಹೋದ ಕಡೆ ನನ್ನದೊಂದು ಸಾಲು ಸೇರಿಸಿ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ, ಎಚ್ಚರಿಕೆಗೆ ಇರಲಿ ಎಂದು, ಹಗಲು ಓದಿದವರಿಗೆ ತಪ್ಪಿದರೆ ತಪ್ಪು, ನನಗೆ ತಪ್ಪಿದರೆ ಸಂಜೆ ಕಾಲೇಜಿನವನು ಅನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಇಲ್ಲಿನ ಔಷಧಿ ಫ್ಯಾಕ್ಟರಿಯಲ್ಲಿ ಲೇಬಲ್ ನೋಡುತ್ತಿದ್ದೇನೆ, ಒಪ್ಪಿಗೆಯಾದ ಪ್ರತಿಯಲ್ಲಿ ಇರುವುದಷ್ಟೇ ಡಬ್ಬಿಯ ಮೇಲೆ ಇರಬೇಕು, ಒಂದು ಪದ ಕಡಿಮೆಯಾದರೂ ಹೆಚ್ಚಾದರೂ ಬೆಲ್ಟ್ ನಿಲ್ಲಿಸುತ್ತೇನೆ, ಒಮ್ಮೆ ಒಂದೇ ಒಂದು ಹೆಚ್ಚಿನ ಸಾಲಿಗೆ ನಲವತ್ತು ಸಾವಿರ ಡಬ್ಬಿ ವಾಪಸ್ ಕಳಿಸಿದ್ದೆ, ಮ್ಯಾನೇಜರ್ ಶೇಷಾದ್ರಿ ಸಾರ್ ಕೋಪ ಮಾಡಿಕೊಂಡು ಆಮೇಲೆ ಭುಜ ತಟ್ಟಿದ್ದರು. ಇವತ್ತು ಅವರೇ, ಹೋಗಿ ಲಕ್ಷ್ಮೀಶ, ಆಡಿಟ್ ನಾನು ನೋಡ್ಕೋತೀನಿ, ಹೋಗ್ರೀ ಮೊದಲು ಎಂದು ಬಾಗಿಲವರೆಗೆ ದಬ್ಬಿದರು.

ಪಾರ್ಕ್‌ಲ್ಯಾಂಡ್ಸ್, ನಮ್ಮ ಬಡಾವಣೆ, ಗೇಟು, ಮೂರು ಮಹಡಿ, ಬೀಗದ ಕೈ ತೂತಿಗೆ ಸೇರುವುದಿಲ್ಲ, ಗ್ಲೋರಿಯಾ ಒಳಗಿನಿಂದ ತೆರೆದಳು, ತುಟಿಯ ಮೇಲೆ ಬೆರಳು, ಮಲಗಿದಾರೆ. ಮಲಗಿದ್ದಾಳೆ, ಪಕ್ಕಕ್ಕೆ ತಿರುಗಿ, ದಿಂಬಿನ ಮೇಲೆ ಚೂರು ರಕ್ತ, ನಾಲಿಗೆ ಕಚ್ಚಿಕೊಂಡಿದ್ದಾಳೆ, ಎದೆ ಏರುತ್ತದೆ, ಇಳಿಯುತ್ತದೆ, ನಾನು ಎಣಿಸುತ್ತೇನೆ, ಎಣಿಸುವುದು ನಿಲ್ಲಿಸುತ್ತೇನೆ, ಕಾಲುಂಗುರ ಅಲುಗುತ್ತಿಲ್ಲ. ಊಟಕ್ಕೆ ಕೂತಿದ್ದರು ಅಷ್ಟೇ, ಗ್ಲೋರಿಯಾ ಪಿಸುಗುಡುತ್ತಾಳೆ, ಜಾಹ್ನವಿಯನ್ನು ಸ್ಕೂಲ್ ಬಸ್ಸು ಹತ್ತಿಸಿ ಬಂದು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತರು, ನಾನು ಪೊರಕೆ ತಗೊಂಡು ಬರುವಷ್ಟರಲ್ಲಿ. ಅಡುಗೆಮನೆಗೆ ಹೋಗುತ್ತೇನೆ, ನೀರು ಕುಡಿಯಲು, ಬೇರೆ ಯಾತಕ್ಕೂ ಅಲ್ಲ. ತಟ್ಟೆ ಅಲ್ಲೇ ಇದೆ, ಹಂಸಾ ಎತ್ತಲು ಬಿಟ್ಟಿಲ್ಲವೋ ಗ್ಲೋರಿಯಾ ಮರೆತಳೋ, ಅನ್ನ, ತೊವ್ವೆ, ಇಂಡಿಯನ್ ಅಂಗಡಿಯ ಫ್ರೀಜರಿನಿಂದ ನಾನೇ ಹುಡುಕಿ ತಂದ ಅಗಸೆ ಸೊಪ್ಪಿನ ಪಲ್ಯ, ಬೆಳಿಗ್ಗೆ ಆರಕ್ಕೆ ನನಗೆ ಬಡಿಸಿದ್ದೂ ಇದನ್ನೇ, ನೀನೂ ಕೂತ್ಕೋ ಅಂದೆ, ನೀವು ಹೊರಡಿ, ಇವಳನ್ನ ಬಸ್ ಹತ್ತಿಸಿ ಆರಾಮಾಗಿ ಮಾಡ್ತೀನಿ ಎಂದಳು. ಒಂದು ತುತ್ತೂ ಕಲಸಿಲ್ಲ. ತಟ್ಟೆಯ ಪಕ್ಕ ನೀರಿನ ಲೋಟ, ಲೋಟದ ಪಕ್ಕ ಮಾತ್ರೆಯ ಡಬ್ಬಿ, ತೆಗೆದಿಟ್ಟುಕೊಂಡಿದ್ದಾಳೆ, ಊಟ ಮುಗಿದ ಕೂಡಲೇ ಎಂದು. ಹದಿನಾಲ್ಕು ಮುಚ್ಚಳ, ಬೆಳಿಗ್ಗೆ ಮೇಲೆ, ರಾತ್ರಿ ಕೆಳಗೆ. ಮಂಗಳವಾರದವರೆಗೆ ಖಾಲಿ. ಗುರುವಾರ ಬೆಳಿಗ್ಗೆ ಒಂದು ಬಿಳಿ ಮಾತ್ರೆ, ಅದು ಇವತ್ತಿನದು, ಸರಿ, ಅದು ಇರಲೇಬೇಕು. ಬುಧವಾರ ಬೆಳಿಗ್ಗೆ ಒಂದು ಬಿಳಿ ಮಾತ್ರೆ. ಬುಧವಾರ ರಾತ್ರಿ ಒಂದು ಬಿಳಿ ಮಾತ್ರೆ. ಅಲ್ಲಾಡಿಸುತ್ತೇನೆ, ಸದ್ದಾಗುತ್ತದೆ, ಮುಚ್ಚಳ ತೆರೆದು ಬೆರಳಿಂದ ಮುಟ್ಟುತ್ತೇನೆ, ಇದೆ, ಬುಧವಾರದ್ದು ಎರಡೂ ಇದೆ, ನಾನು ಭಾನುವಾರ ಎರಡೆರಡು ಹಾಕಿಬಿಟ್ಟೆನೇ, ಇಲ್ಲ, ಎಣಿಸಿ ಹಾಕಿದ್ದೆ, ಎರಡು ಸಲ ಎಣಿಸಿದ್ದೆ.

ರೀ. ಎದ್ದಿದ್ದಾಳೆ, ಮಾತು ದಪ್ಪಗಿದೆ, ನಾಲಿಗೆ ತೊಡರುತ್ತಿದೆ, ಆಡಿಟ್ ಆಯ್ತಾ? ಆಯಿತು ಎನ್ನುತ್ತೇನೆ, ಡಬ್ಬಿ ನನ್ನ ಕೈಯಲ್ಲೇ ಇದೆ, ಬಚ್ಚಿಡಲು ತೋಚಲಿಲ್ಲ, ಹಂಸಾ, ನಿನ್ನೆ ಇದನ್ನ ತಗೊಳ್ಳಲಿಲ್ವಾ? ಮಗುವಿನ ಹಾಗೆ ನೋಡುತ್ತಾಳೆ, ಊಟ ಎಲ್ಲಿ ಮಾಡಿದ್ದೆ ರೀ ನಿನ್ನೆ, ಏಕಾದಶಿ. ಹಣ್ಣು ತಿಂದೆಯಲ್ಲ, ಹಾಲು ಕುಡಿದೆಯಲ್ಲ. ಅದು ಊಟಾನಾ, ಫಲಾಹಾರ, ಖಾಲಿ ಹೊಟ್ಟೇಲಿ ತಗೋಬಾರದು ಅಂತ ನೀವೇ ಬರೆದಿದ್ದೀರಲ್ಲ, ಏನಾದ್ರೂ ಆಗಿ, ಮಾರನೇ ದಿನ ಆಡಿಟ್ ಬೇರೆ, ನಿಮಗೆ ಗಾಬರಿ ಮಾಡೋದು ಯಾಕೆ ಅಂತ — ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತದೆ. ಡಬ್ಬಿ ತಿರುಗಿಸುತ್ತೇನೆ. ಹಿಂಬದಿಗೆ ನನ್ನ ಅಕ್ಷರ, ಊಟದ ನಂತರ, ಅದರ ಕೆಳಗೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು, ಅದರ ಕೆಳಗೆ ಎರಡು ಕೆಂಪು ಗೆರೆ. ಡಾಕ್ಟರು ಹೇಳಿದ್ದೇನು, ಮೂರು ವರ್ಷದ ಹಿಂದಿನ ಆ ಕೋಣೆ, ಆ ಮೇಜು, ಹೊಟ್ಟೆ ತೊಳಸಿದರೆ ಊಟದ ಜೊತೆ ಕೊಡಿ, ಆದರೆ ಏನೇ ಆಗಲಿ ತಪ್ಪಿಸಬೇಡಿ — ತೊಳಸಿದರೆ ಅಂದಿದ್ದರು, ಒಮ್ಮೆಯೂ ತೊಳಸಿಲ್ಲ, ಖಾಲಿ ಹೊಟ್ಟೆ ಎನ್ನುವ ಮಾತು ಅವರ ಬಾಯಿಂದ ಬಂದೇ ಇಲ್ಲ, ಆ ಸಾಲು ನನ್ನದು, ಎಚ್ಚರಿಕೆಗೆ ಇರಲಿ ಎಂದು, ನಾನು ಸೇರಿಸಿದ್ದು. ಅವಳು ಮೂರು ವರ್ಷ ಎರಡು ತಿಂಗಳು ಅದನ್ನು ಓದಿಕೊಂಡು ಬಂದಳು. ಫೋನ್ ಬಡಿದುಕೊಳ್ಳುತ್ತಿದೆ, ಆಸ್ಪತ್ರೆಯ ನಂಬರು, ಎತ್ತಿದರೆ ನರ್ಸ್ ಮತ್ತೆ ಕೇಳುತ್ತಾಳೆ, ಮಾತ್ರೆ ತಪ್ಪಿತ್ತಾ, ಹೌದು ಅನ್ನಬೇಕು, ತಪ್ಪಿತ್ತು ಅಂದರೆ ತಪ್ಪಿಸಿದ್ದು ಯಾರು ಅನ್ನಬೇಕು, ಹೆಬ್ಬೆರಳು ಫೋನಿಗೆ ಹೋಗುತ್ತಿಲ್ಲ, ಡಬ್ಬಿಯ ಮೇಲೇ ಇದೆ, ಗೆರೆಯನ್ನು ಉಜ್ಜುತ್ತಿದೆ, ಹೋಗುವುದಿಲ್ಲ, ನೀರು ಬಿದ್ದರೂ ಅಳಿಸದಿರಲಿ ಎಂದು ಮೇಲೆ ನಾನೇ ಟೇಪು ಹಚ್ಚಿದ್ದೇನೆ, ಉಗುರು ಹಾಕಿದರೂ ಏಳುವುದಿಲ್ಲ, ಟೇಪಿನ ಅಡಿಯಲ್ಲಿ ಎರಡು ಕೆಂಪು ಗೆರೆ, ಒಂದರ ಕೆಳಗೊಂದು, ಸ್ಕೇಲ್ ಇಟ್ಟು ಎಳೆದದ್ದು, ಎರಡೂ ನೇರ, ಎರಡು ಕೆಂಪು ಗೆರೆ