ಬೇರೆ ಕೈಯ ಕತ್ತರಿ

ಎಲೆ ಉದುರುವ ಕಾಲ ಬಂತೆಂದರೆ ಕ್ಷೌರಿಕನ ಕಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಸಂಜೆ ಐದಕ್ಕೆ ಕೊನೆಯ ಗಿರಾಕಿಯ ಹೆಗಲಿನ ಬಟ್ಟೆ ಕೊಡವಿ, ಬಾಗಿಲೆಳೆದು, ಮನೆಯ ಹಿತ್ತಲ ಮೆಟ್ಟಿಲಿಳಿದರೆ ನದಿ. ಮಳೆಯ ಕೆಂಪು ಬಿಟ್ಟು ನೀರು ತಿಳಿಯಾಗಿರುತ್ತಿತ್ತು. ದಡದ ಹಳದಿ ಎಲೆಗಳು ಕಾಲಡಿಯಲ್ಲಿ ಸರಸರ ಎನ್ನುತ್ತಿದ್ದವು. "ದಿನವೆಲ್ಲ ಕೂದಲು ತುಳಿದದ್ದು ಸಾಲದು ಅಂತ ಸಂಜೆ ಎಲೆ ತುಳಿಯೋಕೆ ಹೋಗ್ತೀರಿ" ಎಂದು ಹೆಂಡತಿ ಛೇಡಿಸುವಳು. ತಾನು ಗುಡಿಸಬೇಕಾಗಿಲ್ಲದ ಕಸ ತುಳಿಯುವ ಸುಖ ಅವಳಿಗೇನು ಗೊತ್ತು?

ಜೊತೆಗೆ ಟಪಾಲಣ್ಣ ಇರಬೇಕು, ಅಷ್ಟೆ. ಅಂಚೆ ಹಂಚಿ ನಿವೃತ್ತನಾದ ಈ ಗೆಳೆಯ ಮೂವತ್ತೆರಡು ವರ್ಷದಿಂದ ಇವನ ಕುರ್ಚಿಯಲ್ಲೇ ತಲೆ ಬಗ್ಗಿಸಿದವನು. ನಡೆಯುವಾಗ ಇಬ್ಬರಿಗೂ ಒಂದು ಆಟ: ಮುಂದೆ ಹೋಗುವವರ ಕತ್ತು ನೋಡಿ, ಅದು ಯಾರ ಕೈಯ ಕಟಿಂಗ್ ಎಂದು ಕ್ಷೌರಿಕ ಹೇಳಬೇಕು. ಮುಖ ಮರೆತರೂ ಕತ್ತು ಮರೆತವನಲ್ಲ ಆಸಾಮಿ.

ಈ ಸಲ ಟಪಾಲಣ್ಣ ಒಂದು ವಾರದಿಂದ ನಾಪತ್ತೆ. ಮೊದಲು ಮಂಡಿನೋವು, ಆಮೇಲೆ ನೆಂಟರು, ಆಮೇಲೆ ನೆಪವೂ ಇಲ್ಲ. ನದಿ ಅದೇ, ಎಲೆಗಳು ಅವೇ, ಆದರೂ ಉಪ್ಪಿಲ್ಲದ ಊಟದಂತಾಗಿತ್ತು.

ಅಂದು ಗಿರಾಕಿಗಳಿಲ್ಲದೆ ಅವನು ಅರ್ಧ ಗಂಟೆ ಮೊದಲೇ ದಡಕ್ಕಿಳಿದ. ಮುಂದೆ ಟಪಾಲಣ್ಣ ಹೋಗುತ್ತಿದ್ದ. ಚಳಿಯೇ ಇಲ್ಲ, ಮನುಷ್ಯ ಮಫ್ಲರ್ ಸುತ್ತಿದ್ದಾನೆ. ಕರೆಯಬೇಕೆನ್ನುವಷ್ಟರಲ್ಲಿ ಗಾಳಿಗೆ ಅದು ಜಾರಿತು. ಕತ್ತಿನ ಮೇಲೆ ಕೂದಲಿನ ಅಂಚು ನೇರ ಗೆರೆಯಾಗಿತ್ತು. ಕ್ಷೌರಿಕ ಎಂದೂ ಅಲ್ಲಿ ದುಂಡಗೇ ಬಿಡುವವನು. ಇಷ್ಟು ವರ್ಷದ ಸ್ನೇಹ ಹೀಗೆ ಸದ್ದಿಲ್ಲದೆ ಮುಗಿಯಿತೇ? ಹಿಂದಿರುಗಿಬಿಡೋಣ ಅನಿಸಿತು. ಹಿಂದಿರುಗಿದರೆ ಇನ್ನೆಂದೂ ಒಬ್ಬನೇ ನಡೆಯಬೇಕು. ಬಿರಬಿರನೆ ಹೆಜ್ಜೆ ಹಾಕಿದ.

"ಯಾವ ಅಂಗಡಿನೋ?"

ಟಪಾಲಣ್ಣನ ಕೈ ಕತ್ತಿಗೆ ಹೋಯಿತು. "ಸೇತುವೆ ಹತ್ರ ಹೊಸದಾಗಿ ಆಗಿದೆಯಲ್ಲ, ಅದು."

"ನಾನೇನು ತಪ್ಪು ಮಾಡ್ದೆ?"

"ನೀನೇನೂ ಮಾಡಿಲ್ಲ ಮಾರಾಯ." ಅವನು ನೀರು ನೋಡುತ್ತ ನಿಂತ. "ಹೋದ ತಿಂಗಳು ಕಿವಿ ಹತ್ರ ಗಾಯ ಆಯ್ತಲ್ಲ. ಅದಕ್ಕೂ ಮುಂಚೆ ಎರಡು ಸಲ ಆಗಿತ್ತು, ನಾನು ಹೇಳ್ಲಿಲ್ಲ. ನಿನ್ನ ಕೈ ನಡುಗ್ತಿದೆ ಕಣೋ. ಹೇಳಿದ್ರೆ ನೊಂದ್ಕೋತೀಯ ಅಂತ ಬೇರೆ ಕಡೆ ಹೋಗಿ ಕೂತೆ. ಆಮೇಲೆ ನಿನಗೆ ಮುಖ ತೋರ್ಸೋಕೆ ಆಗ್ಲಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಕ್ಷೌರಿಕ ಒಂದೇ ತಿಂಗಳಲ್ಲಿ ಎರಡು ಸಲ ಕತ್ತರಿಗೆ ಸಾಣೆ ಹಿಡಿಸಿದ್ದ. ಕತ್ತರಿ ಸರಿಯಾಗೇ ಇದೆ ಎಂದು ಸಾಣೆಯವನು ಹೇಳಿದಾಗಲೇ ಒಳಗೊಳಗೆ ಗೊತ್ತಾಗಿತ್ತು, ಮನಸ್ಸು ಒಪ್ಪಿರಲಿಲ್ಲ. ಈಗ ಒಪ್ಪಿತು. ತುಂಬ ನೋವಾಯಿತು. ಆದರೆ ಗೆಳೆಯ ಕೈಬಿಟ್ಟಿಲ್ಲ ಎಂಬುದು ಆ ನೋವಿಗಿಂತ ದೊಡ್ಡದಾಗಿತ್ತು.

ಇಬ್ಬರೂ ಮರಗಳ ಸಾಲು ಮುಗಿಯುವ ತನಕ ನಡೆದರು. ಕ್ಷೌರಿಕ ಆ ಕತ್ತನ್ನು ಇನ್ನೊಮ್ಮೆ ನೋಡಿದ, ಈ ಸಲ ಕಸುಬಿನ ಕಣ್ಣಿನಿಂದ.

"ಅವನ ಕೈ ಚೆನ್ನಾಗಿದೆ. ನಾಳೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

"ಯಾಕೆ?"

"ನನ್ನ ಗಿರಾಕಿಗಳನ್ನ ಒಪ್ಪಿಸಬೇಕು. ಯಾರಿಗೆ ಎರಡು ಸುಳಿ, ಯಾರಿಗೆ ಕಿವಿ ಮುಟ್ಟಿದ್ರೆ ಕಚಗುಳಿ, ಪಾಪ ಅವನಿಗೇನು ಗೊತ್ತು."

ಟಪಾಲಣ್ಣ ಗೆಳೆಯನ ನಡುಗುವ ಕೈಯನ್ನು ತನ್ನ ಕಂಕುಳಲ್ಲಿ ಸೇರಿಸಿಕೊಂಡ.

"ಹಾಗಾದ್ರೆ ಇನ್ಮೇಲೆ ಬೆಳಿಗ್ಗೆನೂ ಬಾ" ಎಂದ. "ಅಂಗಡಿ ಬಾಗಿಲು ತೆಗೆಯೋದ್ರಲ್ಲೇ ಆಯಸ್ಸು ಕಳೆದೆ. ಹಿತ್ತಲಲ್ಲೇ ಇದ್ರೂ ಬೆಳಿಗ್ಗೆ ಹೊತ್ತು ಈ ನದಿ ಹೇಗಿರುತ್ತೆ ಅಂತ ನೀನು ನೋಡೇ ಇಲ್ಲ."